ಹನ್ನೆರಡು ಹುಡುಗಿಯರು, ಎರಡು ದನಿ

ಇದು ಒಂದು ಒಪ್ಪಿಗೆಯಿಂದ ಶುರುವಾದ ಕಥೆ. ಒಪ್ಪಿಗೆ ಕೊಟ್ಟವಳು ನಾನೇ ಆದ್ದರಿಂದ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಶಾಲೆಗೆ 25 ವರ್ಷ ತುಂಬಿತು. ಬೆಳ್ಳಿಹಬ್ಬಕ್ಕೆ ದೊಡ್ಡವರೆಲ್ಲ ಬರುತ್ತಾರೆ, ಸ್ವಾಗತಗೀತೆ ಚೆನ್ನಾಗಿರಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಶಾಲೆಯಲ್ಲಿ ಹಾಡು, ನಾಟಕ, ರಂಗೋಲಿ ಇವೆಲ್ಲ ಕನ್ನಡದ ಮಿಸ್ ತಲೆಗೇ ಬರುವುದು ನಿಮಗೂ ಗೊತ್ತು. ಏಳು ಮತ್ತು ಎಂಟನೆಯ ತರಗತಿಯಿಂದ 12 ಹುಡುಗಿಯರನ್ನು ಆರಿಸಿದೆ. ಒಂದು ತಿಂಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಲಿಸಿದೆ. ತಟ್ಟೆ ತೊಳೆದ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಲೇ ಬಂದು ನಿಲ್ಲುತ್ತಿದ್ದರು.

ಹಿಂದಿನ ಸಾಲಿನ ಕೊನೆಯಲ್ಲಿ ಒಬ್ಬಳಿದ್ದಳು. ಅವಳ ತಾಯಿ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಕಟ್ಟಿ ಮಾರುವವರು. ಹುಡುಗಿಯದು ತುಸು ದಪ್ಪ, ತುಸು ಒರಟು ದನಿ. ಎಲ್ಲರೂ ಮೇಲಕ್ಕೆ ಹೋದಾಗ ಇವಳೊಬ್ಬಳು ಕೂದಲೆಳೆಯಷ್ಟು ಕೆಳಗೇ ಉಳಿಯುವಳು. "ಇನ್ನು ಸ್ವಲ್ಪ ಮೇಲೆ ಹಿಡಿಯಮ್ಮ" ಎಂದು ನಾನು ದಿನವೂ ಹೇಳುತ್ತಿದ್ದೆ. ಅವಳು ದಿನವೂ "ಆಯ್ತು ಮಿಸ್" ಎಂದು ತಲೆಯಾಡಿಸಿ ಅಲ್ಲೇ ಹಿಡಿಯುತ್ತಿದ್ದಳು.

ಹಿಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಮೈಕು ಕುಂಯ್ಯೆಂದು ಕೂಗಿ ಮರ್ಯಾದೆ ಹೋಗಿತ್ತು. ಅದಕ್ಕಾಗಿ ಈ ಸಲ ಹಾಡನ್ನು ಮೊದಲೇ ರೆಕಾರ್ಡ್ ಮಾಡಿಸಿ, ಮಕ್ಕಳು ವೇದಿಕೆಯ ಮೇಲೆ ನಿಂತು ತುಟಿ ಆಡಿಸಲಿ ಎಂದು ಸಮಿತಿಯಲ್ಲಿ ತೀರ್ಮಾನವಾಯಿತು. ಜಿಲ್ಲಾ ಕೇಂದ್ರದ ಒಂದು ಸಣ್ಣ ಸ್ಟುಡಿಯೋಗೆ ವಿಚಾರಿಸಲು ಹೋದೆ. ನನ್ನ ಹಳೆಯ ವಿದ್ಯಾರ್ಥಿಯ ವಯಸ್ಸಿನ ಹುಡುಗನೊಬ್ಬ ಕುಳಿತಿದ್ದ. "ಹನ್ನೆರಡು ಜನ ಬೇಡಿ ಮೇಡಂ. ಶ್ರುತಿ ಸೇರಲ್ಲ, ದಿನವೆಲ್ಲ ಹಿಡಿಯುತ್ತೆ. ಚೆನ್ನಾಗಿ ಹಾಡೋ ಇಬ್ಬರನ್ನ ಕರ್ಕೊಂಡು ಬನ್ನಿ. ದಪ್ಪ ಮಾಡಿ, ಅಗಲ ಮಾಡಿ ನಾನು ಕೊಡ್ತೀನಿ" ಎಂದ.

ದೋಸೆ ಹಿಟ್ಟಿನ ವಿಷಯದಲ್ಲಿ ಕೇಳಿದ್ದ ಮಾತನ್ನು ದನಿಯ ವಿಷಯದಲ್ಲಿ ಕೇಳಿದ್ದು ಅದೇ ಮೊದಲು. ಬಾಡಿಗೆ ಗಂಟೆಯ ಲೆಕ್ಕದಲ್ಲಿತ್ತು. ಶಾಲೆಯ ಗಂಟು ಎಷ್ಟೆಂದು ನನಗೆ ಗೊತ್ತಿತ್ತು. ಒಪ್ಪಿಕೊಂಡೆ.

ಸಂಗೀತ ಪಾಠಕ್ಕೆ ಹೋಗುವ ಇಬ್ಬರು ಹಾಡಿದರು. ಅರ್ಧ ಗಂಟೆಯಲ್ಲಿ ಮುಗಿಯಿತು. ಹುಡುಗ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಸುಳ್ಳೇಕೆ ಹೇಳಲಿ, ರೋಮಾಂಚನವಾಯಿತು. ಎರಡು ಸಣ್ಣ ಹುಡುಗಿಯರ ದನಿ ದೇವಸ್ಥಾನದ ಪ್ರಾಕಾರದಷ್ಟು ಅಗಲವಾಗಿ ನನ್ನ ತಲೆಯ ಎರಡೂ ಕಡೆಗೆ ಹರಡಿಕೊಂಡಿತ್ತು. "ಏನಪ್ಪಾ ಮಾಡಿದೆ?" ಎಂದು ಕೇಳಿದೆ. "ಒಂದು ಕಾಪೀನ ಒಂಬತ್ತು ಸೆಂಟ್ ಮೇಲೆತ್ತಿ ಎಡಕ್ಕೆ ಹಾಕಿದೆ, ಇನ್ನೊಂದನ್ನ ಒಂಬತ್ತು ಸೆಂಟ್ ಇಳಿಸಿ ಬಲಕ್ಕೆ ಹಾಕಿದೆ, ಅಷ್ಟೇ" ಎಂದ. ಸೆಂಟು ಎಂದರೆ ಮದುವೆ ಮನೆಗೆ ಹೋಗುವಾಗ ಸೀರೆಗೆ ಹಚ್ಚಿಕೊಳ್ಳುವುದು ಎಂದಷ್ಟೇ ತಿಳಿದ ನಾನು ದೊಡ್ಡ ತಿಳಿವಳಿಕೆಯವಳಂತೆ ತಲೆಯಾಡಿಸಿ ಬಂದೆ.

ಹಬ್ಬದ ದಿನ ಶಾಮಿಯಾನದ ಎರಡು ಕಂಬಕ್ಕೆ ಎರಡು ಹಾರ್ನ್ ಕಟ್ಟಿದ್ದರು. ಎರಡರಲ್ಲೂ ಬರುವುದು ಒಂದೇ ಸದ್ದು. 12 ಹುಡುಗಿಯರೂ ಒಂದೇ ಬಣ್ಣದ ಲಂಗ ಉಟ್ಟು, ಮಲ್ಲಿಗೆ ಮುಡಿದು ನಿಂತರು. ಮಲ್ಲಿಗೆ ಆ ಹೂವಿನಮ್ಮನೇ ಕಟ್ಟಿಕೊಟ್ಟದ್ದು, ದುಡ್ಡು ತೆಗೆದುಕೊಂಡಿರಲಿಲ್ಲ. ಹಾಡು ಶುರುವಾಯಿತು. ನನ್ನ ಎದೆ ಧಸಕ್ಕೆಂದಿತು. ಸ್ಟುಡಿಯೋದಲ್ಲಿ ಪ್ರಾಕಾರದಷ್ಟು ಅಗಲವಾಗಿದ್ದ ಹಾಡು ಇಲ್ಲಿ ನೀರಿನೊಳಗಿಂದ ಯಾರೋ ಹಾಡಿದ ಹಾಗೆ ತೇಲಾಡುತ್ತಿತ್ತು. ಮಾತು ಮಸುಕಾಗಿತ್ತು, ದನಿ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತಿತ್ತು. ಆದರೂ ಚಪ್ಪಾಳೆ ಬಿತ್ತು. ಶಾಲೆಯ ಮಕ್ಕಳು ಏನು ಹಾಡಿದರೂ ಚಪ್ಪಾಳೆ ಬೀಳುತ್ತದೆ.

ಕಾರ್ಯಕ್ರಮ ಮುಗಿದು ಲಾಡು ಹಂಚುವಾಗ ಹೂವಿನಮ್ಮ ನನ್ನನ್ನು ಹುಡುಕಿಕೊಂಡು ಬಂದರು. "ಚೆನ್ನಾಗಿತ್ತು ಟೀಚರಮ್ಮ. ಆದ್ರೆ ನಮ್ ಮಗಿ ದನಿ ಎಲ್ಲೂ ಕೇಳುಸ್ಲೇ ಇಲ್ಲ. ಮನೇಲಿ ಒಂದು ತಿಂಗ್ಳಿಂದ ಅದೇ ಹಾಡ್ತಿದ್ಲು, ಅವಳ ದನಿ ನಂಗೊತ್ತಾಗ್ದೇ ಇರುತ್ತಾ?" ಎಂದರು. "ಎಲ್ಲರ ದನಿ ಸೇರಿರುತ್ತಲ್ಲಮ್ಮ, ಗೊತ್ತಾಗಲ್ಲ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಮಾಡಿದವಳು ಒಂದು ಲಾಡಿನ ತಟ್ಟೆ ಹಿಡಿದುಕೊಂಡು ಅಷ್ಟು ಸಲೀಸಾಗಿ ಸುಳ್ಳು ಹೇಳಿದೆ.

ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದಲೇ ಈ 'ದಪ್ಪ ಮಾಡುವ' ವಿದ್ಯೆ ಏನೆಂದು ತಿಳಿಯಬೇಕೆನಿಸಿತು. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿದ್ದಾನೆ. ದಸರಾ ರಜಕ್ಕೆ ಬಂದವನನ್ನು ಹಿಡಿದು ಕೂರಿಸಿದೆ. "ದೊಡ್ಡಮ್ಮ, ನಿಮಗೆ ಯಾಕೆ ಇದೆಲ್ಲ?" ಎಂದ. "ಕೋಡುಬಳೆ ಬೇಕಾದರೆ ಹೇಳು" ಎಂದೆ. ಅವನು ಹೇಳಿದ್ದು, ಆಮೇಲೆ ನಾನು ಓದಿದ್ದು, ಕೇಳಿದ್ದು ಎಲ್ಲ ಸೇರಿಸಿ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಹಾರ್ಮೋನಿಯಂ ನೋಡಿದ್ದೀರಲ್ಲ. ಒಂದು ಸ್ಥಾಯಿಯಲ್ಲಿ ಬಿಳಿ ಕಪ್ಪು ಸೇರಿ 12 ಮನೆ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್ ಎಂದು ಹೆಸರು. ಒಂಬತ್ತು ಸೆಂಟ್ ಎಂದರೆ ಒಂದು ಮನೆಯ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಅಂತರ ಅಪಸ್ವರ ಎನಿಸುವುದಿಲ್ಲ, ಆದರೆ ಒಂದೇ ಎಂದೂ ಎನಿಸುವುದಿಲ್ಲ. ಸೆಕೆಂಡಿಗೆ 440 ಸಲ ಕಂಪಿಸುವ ಒಂದು ತಂತಿ, 442 ಸಲ ಕಂಪಿಸುವ ಇನ್ನೊಂದು ತಂತಿ ಒಟ್ಟಿಗೆ ಮಿಡಿದರೆ ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಆ ಅಲೆಯನ್ನೇ ಕಿವಿ 'ದಪ್ಪ' ಎಂದುಕೊಳ್ಳುತ್ತದೆ. ಮೇಲೆತ್ತಿದ ಪ್ರತಿಯನ್ನು ಒಂದು ಕಿವಿಗೆ, ಇಳಿಸಿದ್ದನ್ನು ಇನ್ನೊಂದು ಕಿವಿಗೆ, ಸೆಕೆಂಡಿನ ನೂರನೆಯ ಒಂದೆರಡು ಪಾಲು ತಡ ಮಾಡಿ ಕೊಟ್ಟರೆ 'ಅಗಲ' ಎಂದುಕೊಳ್ಳುತ್ತದೆ.

ಆದರೆ ಎಡಬಲ ಎಂಬುದೇ ಇಲ್ಲದ ಕಡೆ ಆ ಮೂರೂ ಪ್ರತಿಗಳು ಒಂದೇ ಬಾಯಿಂದ ಹೊರಡಬೇಕು. ಆಗ ಒಂದನ್ನೊಂದು ಹೆಚ್ಚಿಸುತ್ತವೆ, ಒಂದನ್ನೊಂದು ನುಂಗುತ್ತವೆ. ನಮ್ಮ ಶಾಮಿಯಾನದಲ್ಲಿ ಹಾಡು ನೀರಾದದ್ದು ಹೀಗೆ. ಹುಡುಗ ತನ್ನ ಕೆಲಸ ತಪ್ಪಾಗಿ ಮಾಡಿರಲಿಲ್ಲ. ಅವನು ಅದನ್ನು ಇಬ್ಬದಿಗೆ ಸ್ಪೀಕರ್ ಇರುವ ಮನೆಗೆ, ಹೆಡ್‌ಫೋನಿಗೆ ಮಾಡಿದ್ದ. ಊರಿನ ಬಯಲಿಗಲ್ಲ.

ದನಿಯನ್ನು ಹೀಗೆ ಮಡಿಸಿ ಹೊದಿಸುವ ಆಸೆ ಇವತ್ತಿನದಲ್ಲ. ಅಮೆರಿಕದಲ್ಲಿ ಲೆಸ್ ಪಾಲ್ ಎಂಬ ಗಿಟಾರು ವಾದಕ ತನ್ನ ಹೆಂಡತಿ ಮೇರಿ ಫೋರ್ಡ್ ಅವರ ದನಿಯ ಮೇಲೆ ಅವರದೇ ದನಿಯನ್ನು ಮತ್ತೆ ಮತ್ತೆ ಹಾಡಿಸಿ ಸೇರಿಸಿದ ತಟ್ಟೆ 1951ರಲ್ಲಿ ಮನೆಮಾತಾಯಿತು. ಅಲ್ಲಿ ಆಕೆ ಪ್ರತಿ ಪದರವನ್ನೂ ನಿಜವಾಗಿ ಹಾಡಬೇಕಿತ್ತು. ಬೀಟಲ್ಸ್ ತಂಡದ ಜಾನ್ ಲೆನನ್‌ಗೆ ಹಾಗೆ ಎರಡೆರಡು ಸಲ ಹಾಡುವುದು ಬೇಸರ. ಅದಕ್ಕಾಗಿ 1966ರಲ್ಲಿ ಲಂಡನ್ನಿನ ಅವರ ಸ್ಟುಡಿಯೋದ ಕೆನ್ ಟೌನ್‌ಸೆಂಡ್ ಎಂಬ ಎಂಜಿನಿಯರು ಒಂದು ಉಪಾಯ ಮಾಡಿದರು. ಒಂದು ಸಲ ಹಾಡಿದ್ದನ್ನೇ ಇನ್ನೊಂದು ಟೇಪ್ ಯಂತ್ರದಲ್ಲಿ ಓಡಿಸಿ, ಅದರ ವೇಗವನ್ನು ಕೊಂಚ ಅತ್ತಿತ್ತ ಮಾಡಿ, ಮೂಲಕ್ಕೆ ಜೋಡಿಸಿದರು. ಆ ವರ್ಷದ 'ರಿವಾಲ್ವರ್' ತಟ್ಟೆಯಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದಾರೆ.

ವೇಗಕ್ಕೂ ಶ್ರುತಿಗೂ ಇರುವ ನಂಟು ನಮ್ಮ ಕಾಲದವರಿಗೆ ಹೇಳಿಕೊಡಬೇಕಾಗಿಲ್ಲ. ಟೇಪ್ ರೆಕಾರ್ಡರಿನ ಸೆಲ್ಲು ಇಳಿದಾಗ ಪಿ. ಸುಶೀಲ ಅವರೂ ಗಂಡಸಾಗಿಬಿಡುತ್ತಿದ್ದರಲ್ಲ! ವೇಗ ಬದಲಿಸದೆ ಶ್ರುತಿಯನ್ನು ಮಾತ್ರ ಬದಲಿಸುವ ಪೆಟ್ಟಿಗೆಯನ್ನು 1975ರಲ್ಲಿ ನ್ಯೂಯಾರ್ಕಿನ ಈವೆಂಟೈಡ್ ಕಂಪನಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಎಚ್ 910 ಹಾರ್ಮನೈಜರ್ ಎಂದು ಹೆಸರು. ಒಳಬರುವ ಸದ್ದನ್ನು ಅಂಕಿಗಳಾಗಿ ಕೂಡಿಟ್ಟುಕೊಂಡು ಬೇಗ ಓದಿದರೆ ಶ್ರುತಿ ಏರುತ್ತದೆ, ನಿಧಾನ ಓದಿದರೆ ಇಳಿಯುತ್ತದೆ. ಬೇಗ ಓದುವುದು ಮುಂದಿನ ಪಾಠ ಬರುವ ಮೊದಲೇ ಪುಟ ಮುಗಿಸಿಬಿಡುತ್ತದೆ. ಆಗ ತರಗತಿಯ ಅವಸರದ ಹುಡುಗನಂತೆ ಎರಡು ಮಾತು ಹಿಂದಕ್ಕೆ ಹೋಗಿ ಮತ್ತೆ ಓದುತ್ತದೆ. ಆ ಬೆಸುಗೆಯ ಜಾಗದಲ್ಲಿ ಸಣ್ಣ ತೊಡರು ಕೇಳಿಸುತ್ತಿತ್ತು. ಎರಡು ವರ್ಷದ ಮೇಲೆ, 1977ರಲ್ಲಿ, ಆ ತೊಡರನ್ನು ಕಡಿಮೆ ಮಾಡಿ ಇನ್ನೊಂದು ಪೆಟ್ಟಿಗೆ ತಂದರು. ಕೂದಲೆಳೆಯಷ್ಟು ಶ್ರುತಿ ಸರಿಸುವ ಏರ್ಪಾಡು ಅದರಲ್ಲಿತ್ತು.

ಮೊದಲ ಪೆಟ್ಟಿಗೆಯನ್ನು ಕೊಂಡವರಲ್ಲಿ ನ್ಯೂಯಾರ್ಕಿನ ಒಂದು ಟಿ.ವಿ. ಕೇಂದ್ರವೂ ಇತ್ತು. ಹೆಚ್ಚು ಜಾಹೀರಾತು ತುರುಕಲು 'ಐ ಲವ್ ಲೂಸಿ' ಎಂಬ ಹಳೆಯ ಹಾಸ್ಯ ಧಾರಾವಾಹಿಯನ್ನು ವೇಗವಾಗಿ ಓಡಿಸಿ, ಕೀಚಲಾದ ದನಿಗಳನ್ನು ಈ ಪೆಟ್ಟಿಗೆಯಿಂದ ಕೆಳಗಿಳಿಸುತ್ತಿದ್ದರಂತೆ. ಇದನ್ನು ಕೇಳಿ ನಗು ಬಂತು. ಸಮಯ ಉಳಿಸಲು ನಾನು ಮಾಡಿದ್ದೂ ಅಂಥದೇ ಅಲ್ಲವೇ ಎನಿಸಿ ನಗು ನಿಂತಿತು.

ಹಾಗಾದರೆ ಈ ವಿದ್ಯೆಯೇ ಕೆಟ್ಟದ್ದೆ? ಹಾಗೆ ಹೇಳಿದರೆ ನನ್ನ ಕಿವಿಗೇ ಮೋಸ ಮಾಡಿದಂತೆ. ತಂಗಿಯ ಮಗ ಡೇವಿಡ್ ಬೋವಿ ಎಂಬ ಇಂಗ್ಲಿಷ್ ಗಾಯಕನ 1977ರ 'ಲೋ' ಎಂಬ ತಟ್ಟೆ ಕೇಳಿಸಿದ. ನಿರ್ಮಾಪಕ ಟೋನಿ ವಿಸ್ಕಾಂಟಿ ಅದರಲ್ಲಿ ಡೋಲಿನ ಏಟನ್ನೇ ಆ ಪೆಟ್ಟಿಗೆಯೊಳಗೆ ಹಾಯಿಸಿದ್ದಾರೆ. ಪ್ರತಿ ಏಟೂ ಬಿದ್ದ ಮೇಲೆ ಬಾವಿಗೆ ಇಳಿಯುತ್ತದೆ. ಹಾಡು ನನಗೆ ಹಿಡಿಸಿತೆನ್ನಲಾರೆ, ಆದರೆ ಆ ಡೋಲನ್ನು ಮರೆಯಲೂ ಆಗಲಿಲ್ಲ. ಅಲ್ಲಿ ಯಂತ್ರ ತಾನು ಯಂತ್ರವೆಂದೇ ಹೇಳಿಕೊಂಡು ಬಂದಿದೆ, ಇನ್ನೊಬ್ಬ ಡೋಲಿನವನ ವೇಷ ಹಾಕಿಲ್ಲ.

ನಮ್ಮಲ್ಲೇ ನೋಡಿ. 1987ರ 'ಇಜಾಜತ್' ಹಿಂದಿ ಚಿತ್ರಕ್ಕೆ ಆರ್.ಡಿ. ಬರ್ಮನ್ ಮಾಡಿದ ಒಂದು ಹಾಡಿನಲ್ಲಿ ಆಶಾ ಭೋಸ್ಲೆಯವರ ಎರಡು ದನಿ ಒಂದರ ಸೆರಗನ್ನು ಇನ್ನೊಂದು ಹಿಡಿದುಕೊಂಡು ನಡೆಯುತ್ತದೆ. ಅದು ಪೆಟ್ಟಿಗೆಯ ಕೆಲಸವಲ್ಲ, ಹಾಡಿನ ಮೇಲೆ ಹಾಡಿಸಿ ಮಾಡಿದ್ದು. ಕೇಳುವಾಗ ಹೆಂಗಸೊಬ್ಬಳು ತನ್ನೊಡನೆ ತಾನೇ ಮಾತನಾಡಿಕೊಂಡಂತೆ ಆಗುತ್ತದೆ. ಸಂಸಾರದಲ್ಲಿ ನಮಗೆಲ್ಲ ಬಂದಿರುವ ಅಭ್ಯಾಸವದು. ಅಲ್ಲಿ ಎರಡು ದನಿಗೂ ಅರ್ಥವಿದೆ, ಎರಡೂ ಒಬ್ಬಳದೇ ಎಂಬುದಕ್ಕೂ ಅರ್ಥವಿದೆ.

ನನ್ನ ತಕರಾರು ಬೇರೆ. ಒಬ್ಬರ ದನಿಯನ್ನು ಅಗಲ ಮಾಡಿ ಅದು ಅವರದೇ ಎಂದು ಇಟ್ಟರೆ ಅದು ಅಲಂಕಾರ. ದೊಡ್ಡ ಸರ ಹಾಕಿಕೊಂಡ ಹಾಗೆ. ಅದೇ ಅಗಲವನ್ನು ಹಿಡಿದು ಇನ್ನು ಹತ್ತು ಮಂದಿ ನಿಲ್ಲಬೇಕಾದ ಜಾಗ ತುಂಬಿಸಿದರೆ ಅದು ಬದಲಿ ಹಾಜರಿ. ಹಾಜರಿ ಪುಸ್ತಕ ಬರೆಯುವ ನಮಗೆ ಅದರ ಬೆಲೆ ಗೊತ್ತಿರಬೇಕು.

ಇನ್ನೂ ಒಂದು ಮಾತಿದೆ. ಅದು ಸಂಗೀತದ ಮಾತೇ. ಪೆಟ್ಟಿಗೆ ಮಾಡುವ ಭೇದ ಒಂದೇ ಅಳತೆಯದು. ಪಲ್ಲವಿಯಲ್ಲಿ ಒಂಬತ್ತು ಸೆಂಟ್ ಎಂದರೆ ಕೊನೆಯ ಚರಣದಲ್ಲೂ ಒಂಬತ್ತೇ. ಮೂಲದವಳು ಉಸಿರೆಳೆದಾಗ ಪ್ರತಿಗಳೂ ಅದೇ ಉಸಿರೆಳೆಯುತ್ತವೆ. ಅವಳು ಒಂದು ಅಕ್ಷರ ತಡವರಿಸಿದರೆ ಎಡಕ್ಕೂ ಬಲಕ್ಕೂ ಅದೇ ತಡವರಿಕೆ. ನಾಲ್ಕು ಸಲ ಕೇಳುವಷ್ಟರಲ್ಲಿ ಕಿವಿ ಲೆಕ್ಕ ಹಾಕಿಬಿಡುತ್ತದೆ, ಇವರು ಆರು ಜನರಲ್ಲ, ಇಬ್ಬರು ಮತ್ತು ಅವರ ನೆರಳುಗಳು ಎಂದು. ನಿಜವಾದ ಗುಂಪಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಗಳಿಗೆಗಳಿಗೆಗೂ ಬದಲಾಗುತ್ತದೆ. ಒಬ್ಬಳ ಉಸಿರು ಮುಗಿದಾಗ ಇನ್ನೊಬ್ಬಳದು ಇರುತ್ತದೆ, ಆದ್ದರಿಂದ ಸಾಲು ಕಡಿಯುವುದಿಲ್ಲ.

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಕಂಚಿನ ಪಟ್ಟಿಗಳ ವಾದ್ಯಗಳನ್ನು ಜೋಡಿಜೋಡಿಯಾಗಿ ಮಾಡುತ್ತಾರೆ. ಒಂದನ್ನು ಬೇಕೆಂದೇ ಇನ್ನೊಂದಕ್ಕಿಂತ ತುಸು ಮೇಲೆ ಶ್ರುತಿ ಮಾಡುತ್ತಾರೆ. ಒಟ್ಟಿಗೆ ನುಡಿಸಿದಾಗ ಏಳುವ ಮಿಡಿತಕ್ಕೆ ಅವರು 'ಓಂಬಾಕ್' ಎನ್ನುತ್ತಾರೆ, ಅಲೆ ಎಂದು ಅರ್ಥ. ಆ ಅಲೆ ಇದ್ದರೇ ಸದ್ದಿಗೆ ಜೀವವೆಂದು ಅವರ ಎಣಿಕೆ. ಪೆಟ್ಟಿಗೆ ಮಾಡುವುದೂ ಅದೇ ಅಲೆಯನ್ನೇ. ಆದರೆ ಬಾಲಿಯಲ್ಲಿ ಆ ಅಲೆ ಏಳಬೇಕಾದರೆ ಎರಡು ವಾದ್ಯ ಬೇಕು, ಅವನ್ನು ನುಡಿಸಲು ಇಬ್ಬರು ಒಟ್ಟಿಗೆ ಕುಳಿತುಕೊಳ್ಳಬೇಕು.

ಇದನ್ನು ತಿಳಿದುಕೊಂಡ ದಿನ ನನಗೆ ನನ್ನ ಅಜ್ಜಿಯ ಕಾಲದ ಸೋಬಾನೆ ನೆನಪಾಯಿತು. ಹಸೆಯ ಮುಂದೆ ಮುದುಕಿಯರು ಎರಡು ಗುಂಪಾಗಿ ಕೂರುವರು. ಒಬ್ಬಾಕೆ ಎತ್ತಿ ಹೇಳಿದ ಸಾಲನ್ನು ಉಳಿದವರು ಹಿಡಿಯುವರು. ಎಲೆಯಡಿಕೆ ಬಾಯಲ್ಲಿಟ್ಟುಕೊಂಡವರ ದನಿ, ಹಲ್ಲಿಲ್ಲದವರ ದನಿ, ಬಾಣಂತಿತನದಿಂದ ಎದ್ದು ಬಂದವಳ ದನಿ, ಎಲ್ಲ ಒಂದರ ಪಕ್ಕ ಒಂದು ಉಜ್ಜಿಕೊಂಡು ಹೋಗುತ್ತಿದ್ದವು. ಪಾಠ ಕಲಿತ ಕಿವಿಗೆ ಅದು ಶ್ರುತಿ ತಪ್ಪಿದ್ದು. ಚಪ್ಪರದಾಚೆ ಬೀದಿಯ ಕೊನೆಯವರೆಗೂ ಅದು ಮೈಕಿಲ್ಲದೆ ಮುಟ್ಟುತ್ತಿತ್ತು. ಅದು ನೀರಾದದ್ದನ್ನು ನಾನು ಕಾಣೆ. ಯಾವ ಮುದುಕಿಯನ್ನೂ "ನೀನು ಸುಮ್ಮನೆ ತುಟಿ ಆಡಿಸು, ಸಾಕು" ಎಂದು ಯಾರೂ ಕೂರಿಸಿರಲಿಲ್ಲ.

ಹಿಂದಿನ ಸಾಲಿನ ಆ ಹುಡುಗಿ ದಿನವೂ ಕೂದಲೆಳೆಯಷ್ಟು ಕೆಳಗೆ ಹಿಡಿಯುತ್ತಿದ್ದಳೆಂದೆನಲ್ಲ. ಒಂದು ತಿಂಗಳು ನಾನು ತಿದ್ದಲು ಹೋದದ್ದು ಅದನ್ನೇ. ಆಮೇಲೆ ಬಾಡಿಗೆ ಕೊಟ್ಟು ಸ್ಟುಡಿಯೋದಲ್ಲಿ ಮಾಡಿಸಿದ್ದೂ ಅದನ್ನೇ! ಅವಳು ಬಿಟ್ಟಿಯಾಗಿ ಕೊಡುತ್ತಿದ್ದ ಒಂಬತ್ತು ಸೆಂಟನ್ನು ತಪ್ಪು ಎಂದು ಬಿಟ್ಟು, ಯಂತ್ರದ ಒಂಬತ್ತು ಸೆಂಟನ್ನು ದುಡ್ಡು ಕೊಟ್ಟು ತಂದೆ. ಇದನ್ನು ಯೋಚಿಸಿದಾಗಲೆಲ್ಲ ಈಗಲೂ ನಾಚಿಕೆಯಾಗುತ್ತದೆ.

ಮರುವರ್ಷದ ರಾಜ್ಯೋತ್ಸವಕ್ಕೆ ಮಕ್ಕಳೇ ಹಾಡಲಿ ಎಂದು ಹಟ ಮಾಡಿದೆ. ಎರಡು ಮೈಕು, 14 ಹುಡುಗಿಯರು. ಒಂದು ಸಲ ಮೈಕು ಕೂಗಿತು, ಒಬ್ಬಳು ಸಾಲು ಮರೆತಳು, ಪಕ್ಕದವಳು ಹಿಡಿದುಕೊಂಡಳು. ಅದೇ ಹಾರ್ನಿನಲ್ಲಿ ಮಾತು ಮಾತೂ ಕೇಳಿಸಿತು. ಆದರೆ ಆ ಹುಡುಗಿ ಆ ಹೊತ್ತಿಗೆ ಎಂಟನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗಿಬಿಟ್ಟಿದ್ದಳು. ಕಳೆದದ್ದನ್ನು ಕಳೆದವರಿಗೇ ಹಿಂದಕ್ಕೆ ಕೊಡುವ ಅನುಕೂಲ ನಮ್ಮ ವೃತ್ತಿಯಲ್ಲಿ ಕಡಿಮೆ. ಮಕ್ಕಳು ಪ್ರತಿ ಜೂನಿಗೆ ಮುಂದಕ್ಕೆ ಹೋಗುತ್ತಾರೆ.

ಕಳೆದ ಶ್ರಾವಣದಲ್ಲಿ ಮೊಬೈಲು ತುಂಬಿತೆಂದು ಹಳೆಯದನ್ನೆಲ್ಲ ಅಳಿಸುತ್ತ ಕುಳಿತಿದ್ದೆ. ಬೆಳ್ಳಿಹಬ್ಬದ ಅಭ್ಯಾಸದ ದಿನ ತಾಳ ಸರಿಯಿದೆಯೇ ನೋಡಲು ಹಿಡಿದುಕೊಂಡಿದ್ದ ಒಂದು ತುಣುಕು ಸಿಕ್ಕಿತು. ಸಂಜೆ ಹೂವು ಕೊಳ್ಳುವ ನೆಪದಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆ. ಮೊದಲು, ಅವತ್ತು ನಾನು ಹೇಳಿದ್ದು ಸುಳ್ಳೆಂದೂ, ಹಾಡಿದವರು ಇಬ್ಬರೇ ಎಂದೂ ಹೇಳಿದೆ. ಹೂವಿನಮ್ಮ ಕಟ್ಟುವ ಕೈ ನಿಲ್ಲಿಸದೆ, "ನಂಗೆ ಅವತ್ತೇ ಗೊತ್ತಾಗಿತ್ತು ಬುಡಿ" ಎಂದರು. ಆಮೇಲೆ ಮೊಬೈಲು ಅವರ ಕಿವಿಯ ಹತ್ತಿರ ಹಿಡಿದೆ. ಒಂದೇ ಸಣ್ಣ ಸ್ಪೀಕರು, ಸುತ್ತ ಬಸ್ಸಿನ ಹಾರನ್ನು, ಕಂಡಕ್ಟರುಗಳ ಕೂಗು. ಎರಡನೆಯ ಸಾಲು ಬರುವಷ್ಟರಲ್ಲಿ ಅವರ ಕೈ ನಿಂತಿತು. "ಇದೇ, ಇದೇ ನೋಡಿ ನಮ್ ಮಗಿ" ಎಂದರು.

ಪೂರ್ತಿ ಕೇಳಿ, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಮಗಳ ಫೋನಿಗೆ ಕಳಿಸಿ ಎಂದರು. ನನಗೆ ಕಳಿಸಲು ಬರಲಿಲ್ಲ, ಪಕ್ಕದ ಎಳನೀರಿನ ಅಂಗಡಿಯ ಹುಡುಗ ಕಳಿಸಿಕೊಟ್ಟ. ಮನೆಗೆ ಬಂದು ನಾನೂ ಒಮ್ಮೆ ಹಾಕಿ ಕೇಳಿದೆ. ಹನ್ನೆರಡು ದನಿಯೂ ಇವೆ. ಹಿಂದೆ ಊಟದ ತಟ್ಟೆಗಳ ಸದ್ದಿದೆ. ನಡುವೆ ಒಂದು ಕಡೆ ಹಾಡನ್ನು ಅಡ್ಡ ಕೊಯ್ದು "ಇನ್ನು ಸ್ವಲ್ಪ ಮೇಲೆ ಹಿಡಿಯಮ್ಮ" ಎನ್ನುವ ನನ್ನ ದನಿಯೂ ಸೇರಿಕೊಂಡಿದೆ. ಅದೊಂದನ್ನು ಅಳಿಸಬಹುದೇ ಎಂದು ತಂಗಿಯ ಮಗನನ್ನು ಕೇಳಿದೆ. "ಆಗಲ್ಲ ದೊಡ್ಡಮ್ಮ, ಎಲ್ಲ ಒಟ್ಟಿಗೇ ಇದೆ" ಎಂದ.